ಮಕ್ಕಳನ್ನ ರೇಸಿಗೆ ಬಿಡೋ ಮುಂಚೆ ಮಣ್ಣಿಗೆ ಬಿಡಿ

ಭಾಗ 1/8: ಆ ರೀಲ್ ಯಾಕೆ ತೆಗೆದೆ

ಹೋದ ಡಿಸೆಂಬರ್‌ನಲ್ಲಿ ನಾನು ಹಾಕಿದ್ದ ಒಂದು ರೀಲ್ ನಿಮ್ಮಲ್ಲಿ ಸುಮಾರು ಜನ ನೋಡಿದೀರ. ಪುಟ್ಟ ಹುಡುಗಿ, ದೊಡ್ಡ ಸೈಕಲ್ಲು, ಇಳಿಜಾರಲ್ಲಿ ಜಾರಿ ಬಿದ್ದು, ಎದ್ದು, ಅಳ್ತಾ ಸೈಕಲ್ ತಳ್ಕೊಂಡು ಹೋಗೋದು. ಹಿಂದೆ ಒಂದು ಸಿನಿಮಾ ಹಾಡು, ಮೇಲೆ ‘ನೆವರ್ ಗಿವ್ ಅಪ್’ ಅಂತ ಅಕ್ಷರ. ನಮ್ಮ ಕ್ಲಾಸಿನವರೇ ಎಷ್ಟು ಜನ ಬೆಂಕಿ ಇಮೋಜಿ ಹಾಕಿದ್ರಿ ಅಂತ ನೆನಪಿದೆ ನನಗೆ.

ಆ ರೀಲ್ ಈಗ ಇಲ್ಲ. ಡಿಲೀಟ್ ಮಾಡಿದೀನಿ. ಯಾಕೆ ಅಂತ ಕೇಳಿದವರಿಗೆಲ್ಲ ‘ಸುಮ್ನೆ’ ಅಂದಿದ್ದೆ. ಸುಮ್ನೆ ಏನಲ್ಲ.

ಆ ಹುಡುಗಿ ನಮ್ಮ ಚಿಕ್ಕಪ್ಪನ ಮಗಳು. ಮನೇಲಿ ಎಲ್ಲರೂ ಪುಟ್ಟಿ ಅಂತೀವಿ, ಇಲ್ಲೂ ಅದೇ ಹೆಸರು ಸಾಕು. ಆಗ ಒಂಬತ್ತು ತುಂಬಿತ್ತು ಅಷ್ಟೇ. ಗುಬ್ಬಿ ಹತ್ತಿರದ ನಮ್ಮೂರಲ್ಲಿ ತೆಂಗಿನ ತೋಟದ ದಾರಿ, ಕೆರೆ ಏರಿ, ಎಲ್ಲಿ ಬೇಕಾದ್ರೂ ಸೈಕಲ್ ಹೊಡೀತಿದ್ಲು. ‘ಇವಳಿಗೆ ಇಷ್ಟ ಇದೆ, ರೇಸಿಗೆ ಹಾಕೋಣ’ ಅಂತ ಚಿಕ್ಕಪ್ಪನ ತಲೆಗೆ ಹುಳ ಬಿಟ್ಟಿದ್ದು ನಾನು. ಮಕ್ಕಳ ಮೌಂಟನ್ ಬೈಕ್ ರೇಸಿಗೆ ಫಾರ್ಮ್ ತುಂಬಿದ್ದೂ ನಾನೇ. ಬಿದ್ದಾಗ ಓಡಿ ಹೋಗಿ ಎತ್ತೋ ಬದಲು ವಿಡಿಯೋ ಮಾಡ್ತಾ ನಿಂತಿದ್ದೂ ನಾನೇ.

ಸೋಮವಾರ ಅವಳ ಸ್ಕೂಲಲ್ಲಿ ಆ ರೀಲ್ ಎಲ್ಲರ ಮನೆಯ ಫೋನಿಗೂ ಹೋಗಿತ್ತು. ಹುಡುಗರು ಅವಳು ಅಳೋ ಥರ ಅಣಕಿಸಿದ್ರಂತೆ. ಮನೆಗೆ ಬಂದವಳು ಸೈಕಲ್ಲನ್ನ ಹಿತ್ತಲಲ್ಲಿ ತೆಂಗಿನ ಮೊಟ್ಟೆ ರಾಶಿ ಹಿಂದೆ ನಿಲ್ಲಿಸಿದ್ಲು. ಎರಡೂವರೆ ತಿಂಗಳು ಅದನ್ನ ಮುಟ್ಟಲಿಲ್ಲ. ನನ್ನ ಹತ್ತಿರ ಮಾತೂ ಅಷ್ಟಕ್ಕಷ್ಟೇ.

ಈ ಎಂಟು ಪೋಸ್ಟ್ ಅದಕ್ಕೇ. ನಾನು ಕೋಚ್ ಅಲ್ಲ, ಬಿಕಾಂ ಓದ್ತಿರೋಳು. ಆದರೆ ನಮ್ಮ ವಯಸ್ಸಿನವರು ಮನೆಮನೇಲಿ ಯಾರಿಗೋ ಅಕ್ಕ, ಅಣ್ಣ, ಮಾಮ, ಚಿಕ್ಕಮ್ಮ. ಮಕ್ಕಳನ್ನ ಆಟಕ್ಕೆ ಕರ್ಕೊಂಡು ಹೋಗೋರು ನಾವೇ, ಹಾಳು ಮಾಡೋರೂ ನಾವೇ. ನಾನು ಮಾಡಿದ್ದನ್ನ ನೀವು ಮಾಡಬೇಡಿ.

ಭಾಗ 2/8: ‘ಬೆಳೀತಾಳೆ ಬಿಡು’ ಸೈಕಲ್

ಸ್ಕೂಲ್ ಯೂನಿಫಾರ್ಮ್ ಎರಡು ಸೈಜ್ ದೊಡ್ಡದು ಹೊಲಿಸ್ತಿದ್ರಲ್ಲ, ನೆನಪಿದೆಯಾ? ‘ಬೆಳೀತಾಳೆ ಬಿಡು, ಮೂರು ವರ್ಷ ಬರುತ್ತೆ’ ಅಂತ. ನಮ್ಮ ಮನೆಗಳಲ್ಲಿ ಸೈಕಲ್ಲನ್ನೂ ಇದೇ ಲೆಕ್ಕದಲ್ಲಿ ತಗೋತಾರೆ. ಪುಟ್ಟಿ ಹುಟ್ಟಿದ ಹಬ್ಬಕ್ಕೆ ಚಿಕ್ಕಪ್ಪ ತಂದಿದ್ದು 26 ಇಂಚ್ ಚಕ್ರದ ಗೇರ್ ಸೈಕಲ್. ಅವಳ ಎತ್ತರ 131 ಸೆಂಟಿಮೀಟರ್.

ದೊಡ್ಡ ಅಂಗಿ ತೊಟ್ರೆ ನೋಡೋರು ನಗ್ತಾರೆ, ಅಷ್ಟೇ. ದೊಡ್ಡ ಸೈಕಲ್ ಕಲ್ಲು ಮಣ್ಣಿನ ಇಳಿಜಾರಲ್ಲಿ ಬೀಳಿಸುತ್ತೆ.

ನೀವೇ ಮನೇಲಿ ಪರೀಕ್ಷೆ ಮಾಡಬಹುದು. ಮಗು ಸೈಕಲ್ಲಿನ ಮಧ್ಯದ ಪೈಪಿನ ಆಚೆ ಈಚೆ ಕಾಲು ಹಾಕಿ ನಿಲ್ಲಲಿ. ಎರಡೂ ಪಾದ ಪೂರ್ತಿ ನೆಲಕ್ಕೆ ತಾಗಿ, ಪೈಪಿಗೂ ಮೈಗೂ ಮಧ್ಯೆ ಸ್ವಲ್ಪ ಜಾಗ ಉಳೀಬೇಕು. ಆಮೇಲೆ ಹ್ಯಾಂಡಲ್ ಹಿಡಿಸಿ: ಮೊಣಕೈ ಸ್ವಲ್ಪ ಮಡಚಿರಬೇಕು, ಕೈ ನೇರ ಕೋಲಿನ ಥರ ಚಾಚಿರಬಾರದು. ಕೊನೇದು ಬ್ರೇಕ್. ಹಿಡಿ ಬಿಡದೆ ತೋರುಬೆರಳು ಬ್ರೇಕ್ ಲಿವರಿಗೆ ಸಲೀಸಾಗಿ ಸಿಗಬೇಕು.

ಪುಟ್ಟಿ ಬಿದ್ದಿದ್ದು ಈ ಮೂರನೇದರಿಂದ. ಬ್ರೇಕ್ ಹಿಡಿಯೋಕೆ ಅವಳು ಅಂಗೈಯನ್ನೇ ಹ್ಯಾಂಡಲಿಂದ ಎತ್ತಬೇಕಿತ್ತು. ಇಳಿಜಾರಲ್ಲಿ ಬ್ರೇಕ್ ಹಿಡಿದ್ರೆ ಹ್ಯಾಂಡಲ್ ಅಲ್ಲಾಡುತ್ತೆ, ಹ್ಯಾಂಡಲ್ ಗಟ್ಟಿ ಹಿಡಿದ್ರೆ ಬ್ರೇಕ್ ಸಿಗಲ್ಲ. ನಾನು ಪಕ್ಕದಲ್ಲಿ ನಿಂತು ‘ಹೆದರಬೇಡ ಕಣೇ, ಬಿಡು ಬಿಡು’ ಅಂತ ಕಿರುಚ್ತಿದ್ದೆ. ಅವಳು ಹೆದರಿದ್ದು ಸರಿಯಾಗೇ ಇತ್ತು!

ಸುಮಾರು ಆರರಿಂದ ಎಂಟು ವರ್ಷದ ಮಕ್ಕಳಿಗೆ 20 ಇಂಚ್ ಚಕ್ರ, ಒಂಬತ್ತರಿಂದ ಹನ್ನೊಂದರವರಿಗೆ 24 ಇಂಚ್ ಅಂತ ಸಾಮಾನ್ಯ ಲೆಕ್ಕ. ಆದರೆ ವಯಸ್ಸು ನೋಡಿ ತಗೋಬೇಡಿ, ಮಗೂನ ಕರ್ಕೊಂಡು ಹೋಗಿ ಹತ್ತಿಸಿ ನೋಡಿ ತಗೊಳ್ಳಿ. ಬ್ರೇಕ್ ಲಿವರ್ ಹತ್ತಿರ ಒಂದು ಸಣ್ಣ ಸ್ಕ್ರೂ ಇರುತ್ತೆ, ಎಲ್ಲಾ ಸೈಕಲ್ಲಲ್ಲೂ ಅಲ್ಲ, ತುಂಬಾದರಲ್ಲಿ. ಅದನ್ನ ತಿರುಗಿಸಿದ್ರೆ ಲಿವರ್ ಹಿಡಿಗೆ ಹತ್ತಿರ ಬರುತ್ತೆ. ಖರ್ಚು ಸೊನ್ನೆ. ಇವತ್ತು ಮನೆಗೆ ಹೋಗಿ ನೋಡಿ.

ಭಾಗ 3/8: ಗ್ಯಾಸ್ ಸಿಲಿಂಡರಿಗೆ ಎರಡು ಚಕ್ರ

ಬಿಕಾಂನವಳು ಅಂದ್ಮೇಲೆ ಒಂದು ಲೆಕ್ಕ ಹಾಕ್ಲೇಬೇಕಲ್ಲ.

ಪುಟ್ಟಿ ತೂಕ 26 ಕೆಜಿ. ಆ 26 ಇಂಚ್ ಸೈಕಲ್ ತೂಕ 15 ಕೆಜಿ. ಅಂದ್ರೆ ಅವಳ ತೂಕದ ಅರ್ಧಕ್ಕಿಂತ ಜಾಸ್ತಿ. ನನ್ನ ತೂಕ 51. ಅದೇ ಪ್ರಮಾಣದಲ್ಲಿ ನನಗೆ ಸೈಕಲ್ ಕೊಟ್ರೆ 29 ಕೆಜಿಗಿಂತ ಸ್ವಲ್ಪ ಮೇಲೆ. ಮನೆಗೆ ಬರೋ ತುಂಬಿದ ಗ್ಯಾಸ್ ಸಿಲಿಂಡರ್ ಹೆಚ್ಚು ಕಮ್ಮಿ ಅಷ್ಟೇ ಇರುತ್ತೆ. ಸಿಲಿಂಡರಿಗೆ ಎರಡು ಚಕ್ರ ಹಾಕಿ ‘ಹತ್ತು, ಗುಡ್ಡ ಏರು’ ಅಂದ್ರೆ ನಾನು ಏರ್ತಿದ್ನಾ? ನೀವು ಏರ್ತಿದ್ರಾ?

ಈ ತೂಕ ಎಲ್ಲಿಂದ ಬರುತ್ತೆ ಗೊತ್ತಾ? ಮುಂದಿನ ಚಕ್ರದ ಮೇಲಿರೋ ಆ ‘ಶಾಕ್ ಅಬ್ಸಾರ್ಬರ್’ ತುಂಬಾ ತಿನ್ನುತ್ತೆ. ಅಗ್ಗದ ಸೈಕಲ್ಲುಗಳಲ್ಲಿ ಅದು ಕಬ್ಬಿಣದ ಸ್ಪ್ರಿಂಗ್. ದೊಡ್ಡವರ ಭಾರಕ್ಕೆ ಕುಗ್ಗುತ್ತೆ, 26 ಕೆಜಿ ಮಗುವಿಗೆ ಕುಗ್ಗೋದೇ ಇಲ್ಲ. ನೋಡೋಕೆ ಜೋರು, ಕೆಲಸಕ್ಕೆ ಭಾರ. ಶುರು ಮಾಡೋ ಮಗುವಿಗೆ ಶಾಕ್ ಇಲ್ಲದ ಹಗುರ ಸೈಕಲ್ಲೇ ವಾಸಿ. ದಪ್ಪ ಟೈರಲ್ಲಿ ಗಾಳಿ ಸ್ವಲ್ಪ ಕಮ್ಮಿ ಇಟ್ರೆ ಅದೇ ಅರ್ಧ ಶಾಕ್ ಕೆಲಸ ಮಾಡುತ್ತೆ. ನಮ್ಮೂರ ಪಂಕ್ಚರ್ ಅಂಗಡೀಲಿ ಕಲ್ಲಿನ ಥರ ಗಾಳಿ ತುಂಬಿಸಿಕೊಡ್ತಾರೆ, ಆ ಟೈರು ಕಲ್ಲು ಸಿಕ್ಕಾಗೆಲ್ಲ ಪುಟೀತಿರುತ್ತೆ.

ರೇಸ್ ಆದ್ಮೇಲೆ ಚಿಕ್ಕಪ್ಪ ‘ಸೈಕಲ್ಲೇ ಸರಿ ಇಲ್ಲ, 32,000ದ್ದು ತಗೋಳೋಣ’ ಅಂದ್ರು. ಕೊಬ್ಬರಿ ಮಾರಿದ ದುಡ್ಡು. ನಾನು ಲೆಡ್ಜರ್ ತೆಗೆದೆ.

ಸೆಕೆಂಡ್ ಹ್ಯಾಂಡ್ 24 ಇಂಚ್, ಶಾಕ್ ಇಲ್ಲದ್ದು, 11 ಕೆಜಿ: 7,000
ಹೆಲ್ಮೆಟ್: 1,800
ಗ್ಲೌಸ್: 350
ಮೊಣಕಾಲು, ಮೊಣಕೈ ಪ್ಯಾಡ್: 900
ಮೀಟರ್ ಇರೋ ಪಂಪ್: 750
ಒಟ್ಟು: 10,800
ಹಳೇ ಸೈಕಲ್ ಮಾರಿ ಬಂದಿದ್ದು: 5,000
ಕೈಯಿಂದ ಹೋಗಿದ್ದು: 5,800

ಮಕ್ಕಳ ಸೈಕಲ್ ಎರಡು ಮೂರು ವರ್ಷಕ್ಕೆ ಚಿಕ್ಕದಾಗುತ್ತೆ. ಡಿಪ್ರಿಸಿಯೇಷನ್ ಅಂದ್ರೆ ಏನು ಅಂತ ಎರಡು ಸೆಮಿಸ್ಟರ್ ಓದಿದ್ದಕ್ಕಿಂತ ಜಾಸ್ತಿ ಆವತ್ತು ಅರ್ಥ ಆಯ್ತು. ಬೇರೆ ಮನೇಲಿ ಚಿಕ್ಕದಾದ ಸೈಕಲ್ ನಿಮ್ಮ ಮಗುವಿಗೆ ಸರಿಯಾಗುತ್ತೆ. ಮೂಲೇಲಿ ಧೂಳು ಹಿಡಿದಿರೋದು ಯಾರ ಮನೇಲಿದೆ, ಕಾಮೆಂಟ್ ಹಾಕಿ.

ಭಾಗ 4/8: ಕೆರೆ ಅಂಗಳದ ಕ್ಲಾಸು

ಮಾರ್ಚಿನಲ್ಲಿ ನಮ್ಮೂರ ಕೆರೆ ಬತ್ತುತ್ತೆ. ಒಣಗಿದ ಕೆರೆ ಅಂಗಳ ಅಂದ್ರೆ ಬಿರುಕು ಮಣ್ಣು, ಸಣ್ಣ ದಿಬ್ಬ, ಹಳ್ಳ, ವಾಹನ ಇಲ್ಲ, ಬಿದ್ರೆ ಮೆತ್ತಗೆ. ಇದಕ್ಕಿಂತ ಒಳ್ಳೆ ಮೈದಾನ ದುಡ್ಡು ಕೊಟ್ರೂ ಸಿಗಲ್ಲ. ಒಂದೇ ಶತ್ರು ಜಾಲಿ ಮುಳ್ಳು. ಪಂಕ್ಚರ್ ಹಾಕೋದನ್ನ ಪುಟ್ಟಿ ನನಗಿಂತ ಮೊದಲು ಕಲಿತಳು.

ದೇವರಾಯನದುರ್ಗದ ಕಾಡಿಗೆ ಹೋಗೋಣ ಅಂತ ಕೆಲವರು ಕೇಳಿದ್ರಿ. ಬೇಡ. ಅದು ಕಾಯ್ದಿಟ್ಟ ಅರಣ್ಯ, ಚಿರತೆ ಕರಡಿ ಇರೋ ಜಾಗ. ಎಲ್ಲೇ ಆಗಲಿ, ಅರಣ್ಯ ಇಲಾಖೆ ಅನುಮತಿ ಇಲ್ಲದೆ ಮಕ್ಕಳನ್ನ ಕಾಡಿನ ದಾರಿಗೆ ಕರ್ಕೊಂಡು ಹೋಗಬೇಡಿ.

ಕಲಿಸೋ ಕ್ರಮ ಇಷ್ಟೇ.

ಮೊದಲು ನಿಲ್ಲೋದು. ಪೆಡಲ್ ಎರಡೂ ಒಂದೇ ಮಟ್ಟದಲ್ಲಿ, ಸೀಟಿಂದ ಎದ್ದು, ಮೊಣಕಾಲು ಮೊಣಕೈ ಸಡಿಲ. ಕೈಕಾಲು ಬಿಗಿದ್ರೆ ಪ್ರತಿ ಕಲ್ಲೂ ಮೈಗೆ ಹೊಡೆಯುತ್ತೆ.

ಆಮೇಲೆ ಬ್ರೇಕ್. ಸಮತಟ್ಟು ಜಾಗದಲ್ಲಿ ಒಂದು ಗೆರೆ ಎಳೆದು ‘ಇಲ್ಲಿ ನಿಲ್ಲಿಸು’ ಅಂತ ಆಟ. ಎರಡೂ ಬ್ರೇಕ್, ಒಂದೊಂದು ಬೆರಳು, ಮೆಲ್ಲಗೆ. ಹಿಂದಿನ ಚಕ್ರ ಮಾತ್ರ ಜೋರಾಗಿ ಹಿಡಿದ್ರೆ ಜಾರುತ್ತೆ, ಮುಂದಿಂದು ಮಾತ್ರ ದಬಕ್ ಅಂತ ಹಿಡಿದ್ರೆ ಮುಂದಕ್ಕೆ ಮುಗ್ಗರಿಸೋ ಅಪಾಯ. ಈ ಎರಡನ್ನೂ ಮಗು ಮಣ್ಣಿನ ಮೇಲೆ ನಿಧಾನದಲ್ಲೇ ಅನುಭವಿಸಿ ತಿಳ್ಕೋಬೇಕು.

ಮೂರನೇದು ಕಣ್ಣು. ಮುಂದಿನ ಚಕ್ರದ ಕೆಳಗಿರೋ ಕಲ್ಲನ್ನೇ ನೋಡಿದ್ರೆ ಸೈಕಲ್ ಆ ಕಲ್ಲಿಗೇ ಹೋಗುತ್ತೆ. ಹೋಗಬೇಕಾದ ದಾರೀನ ನೋಡಬೇಕು. ನಾನು ಮುಂದೆ ನಿಂತು ಬೆರಳು ಎತ್ತೋದು, ಅವಳು ಸೈಕಲ್ ಹೊಡೀತಾನೇ ಎಷ್ಟು ಬೆರಳು ಅಂತ ಕೂಗೋದು. ಈ ಆಟ ಅವಳಿಗೆ ಇನ್ನೂ ಬೇಜಾರಾಗಿಲ್ಲ.

ಹೆಲ್ಮೆಟ್ ಇಲ್ಲದೆ ಒಂದು ಸುತ್ತೂ ಇಲ್ಲ. ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಕೂರಬೇಕು, ಹಣೆ ತೋರಿಸ್ಕೊಂಡು ಹಿಂದಕ್ಕೆ ವಾಲಿರಬಾರದು. ತಲೆಗೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಮೇಲೆ ಬಿರುಕು ಕಾಣದಿದ್ರೂ ಬದಲಾಯಿಸಿ. ಇದೊಂದು ಮಾತ್ರ ಸೆಕೆಂಡ್ ಹ್ಯಾಂಡ್ ತಗೋಬೇಡಿ.

ಭಾಗ 5/8: ಎಂಟು ವರ್ಷ ಟೈಮಿದೆ ಕಣ್ರಪ್ಪ

‘ಈಗ್ಲೇ ಸೀರಿಯಸ್ಸಾಗಿ ಶುರು ಮಾಡದಿದ್ರೆ ಲೇಟಾಗುತ್ತೆ.’ ಇದನ್ನ ನಾನೇ ಚಿಕ್ಕಪ್ಪನಿಗೆ ಹೇಳಿದ್ದೆ. ಈಗ ಅದರ ಇನ್ನೊಂದು ಮಗ್ಗುಲು ಹೇಳ್ತೀನಿ.

ಮೌಂಟನ್ ಬೈಕಿಂಗ್ ಒಲಿಂಪಿಕ್ಸಿಗೆ ಬಂದಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಲೆಕ್ಕದಲ್ಲಿ ಜೂನಿಯರ್ ವರ್ಗ ಅಂದ್ರೆ 17, 18 ವರ್ಷದವರು. ಒಂಬತ್ತರ ಮಗುವಿಗೆ ಅಲ್ಲಿಗೆ ಎಂಟು ವರ್ಷ ಇದೆ. ನಾವು ಪಿಯುಸಿ ದಾಟಿದಷ್ಟು ದೂರ. ಮೂರನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಇಟ್ಕೊಂಡು ಯಾರಾದ್ರೂ ಕಾಲೇಜ್ ಸೀಟ್ ಕೊಡ್ತಾರಾ?

ನಾರ್ವೆ ದೇಶದ ಕ್ರೀಡಾ ನಿಯಮ ನೋಡಿ. ಅಲ್ಲಿ ಮಕ್ಕಳಿಗೆ ಹನ್ನೊಂದು ತುಂಬೋ ವರ್ಷ ಬರೋ ತನಕ ಫಲಿತಾಂಶ ಪಟ್ಟಿ, ರ‍್ಯಾಂಕಿಂಗ್ ಹಾಕೋ ಹಾಗಿಲ್ಲ. ಆಡ್ತಾರೆ, ಓಡ್ತಾರೆ, ಮೊದಲು ಯಾರು ಕೊನೆ ಯಾರು ಅಂತ ಗೋಡೆಗೆ ಅಂಟಿಸಲ್ಲ. ಹಾಗಂತ ಅವರೇನು ಹಿಂದೆ ಬಿದ್ದಿಲ್ಲ, 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸಲ್ಲಿ 16 ಚಿನ್ನ ಗೆದ್ದು ಮೊದಲ ಸ್ಥಾನ. ಈ ನಿಯಮದಿಂದಲೇ ಚಿನ್ನ ಬಂತು ಅಂತ ನಾನು ಹೇಳ್ತಿಲ್ಲ. ಮಕ್ಕಳಿಗೆ ರ‍್ಯಾಂಕ್ ಕೊಡದಿದ್ರೆ ದೇಶ ಮುಳುಗಲ್ಲ ಅಂತ ಮಾತ್ರ ಹೇಳ್ತಿದೀನಿ.

ಇನ್ನೊಂದು. ಬ್ರಿಟನ್ನಿನ ಟಾಮ್ ಪಿಡ್‌ಕಾಕ್ ಟೋಕಿಯೊ, ಪ್ಯಾರಿಸ್ ಎರಡೂ ಕಡೆ ಮೌಂಟನ್ ಬೈಕ್ ಚಿನ್ನ ಗೆದ್ದವರು. ಅವರು 2022ರಲ್ಲಿ ಸೈಕ್ಲೋಕ್ರಾಸ್ ವಿಶ್ವ ಚಾಂಪಿಯನ್ನೂ ಹೌದು, ಅದೇ ವರ್ಷ ಟೂರ್ ಡಿ ಫ್ರಾನ್ಸಲ್ಲಿ ರಸ್ತೆ ಮೇಲೆ ಒಂದು ಹಂತ ಗೆದ್ದವರೂ ಹೌದು. ಒಂದೇ ಬಗೆಯ ಸೈಕಲ್ಲಿಗೆ ಅಂಟಿಕೊಂಡವರಲ್ಲ. ಹಾಗಿರುವಾಗ ಒಂಬತ್ತರ ಮಗುವಿಗೆ ಖೋಖೋ ಬಿಡಿಸಿ, ಈಜು ಬಿಡಿಸಿ, ದಿನಾ ಸೈಕಲ್ಲೇ ಹೊಡಿ ಅನ್ನೋದು ಯಾವ ನ್ಯಾಯ? ವಾರಕ್ಕೆ ಎರಡು ಮೂರು ದಿನ ಕೆರೆ ಅಂಗಳ. ಉಳಿದ ದಿನ ಮರ ಹತ್ತಲಿ.

ಭಾಗ 6/8: ‘ಒತ್ತಡ ಇಲ್ಲದೆ ಚಾಂಪಿಯನ್ ಆಗಲ್ಲ’ ಅನ್ನೋರಿಗೆ

ಹೋದ ಪೋಸ್ಟಿಗೆ ಒಂದು ಕಾಮೆಂಟ್ ಬಂತು: ‘ಅಕ್ಕಾ, ನಿಮ್ಮ ಚಿಕ್ಕಪ್ಪನಿಗೆ ತೋಟ ಇದೆ, ನೀವು ಮಜಾ ಅಂತ ಮಾತಾಡ್ತೀರ. ನಮ್ಮಂಥವರಿಗೆ ಸ್ಪೋರ್ಟ್ಸ್ ಕೋಟಾನೇ ದಾರಿ.’

ಈ ಮಾತನ್ನ ತಳ್ಳಿ ಹಾಕೋ ಧೈರ್ಯ ನನಗಿಲ್ಲ. ವಿಜಯಪುರ, ಬಾಗಲಕೋಟೆ, ಗದಗ ಕಡೆ ಸೈಕಲ್ ಅಂದ್ರೆ ಶೋಕಿ ಅಲ್ಲ. ರೈತರ, ಕೂಲಿ ಮಾಡೋರ ಮಕ್ಕಳು ಕ್ರೀಡಾ ಹಾಸ್ಟೆಲ್ ಸೇರಿ, ಸೈಕಲ್ ಹೊಡೆದು, ಸೀಟು ಕೆಲಸ ಕಂಡಿದ್ದಾರೆ. ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಶಿಪ್ಪೇ ಗದಗದಲ್ಲಿ ನಡೆದಿದೆ. ಆ ಮಕ್ಕಳ ಹಟ, ಆ ಅಪ್ಪ ಅಮ್ಮಂದಿರ ಆಸೆ ಎರಡೂ ದೊಡ್ಡದು.

ಆದರೆ ಒಂದು ಪ್ರಶ್ನೆ. ಕೋಟಾ ಸಿಗೋದು ಹದಿನೇಳಕ್ಕೆ. ಒಂಬತ್ತಕ್ಕೇ ಸೈಕಲ್ ಕಂಡ್ರೆ ಹೊಟ್ಟೇಲಿ ತಳಮಳ ಆಗೋ ಹಾಗೆ ಮಾಡಿದ್ರೆ ಹದಿನೇಳರ ತನಕ ಆ ಮಗು ಸೈಕಲ್ ಮೇಲೆ ಉಳಿಯುತ್ತಾ? ಕೋಟಾ ಬೇಕು ಅನ್ನೋರಿಗೇ ನನ್ನ ಮಾತು ಇನ್ನೂ ಜಾಸ್ತಿ ಅನ್ವಯ ಆಗುತ್ತೆ. ಮಗು ಆಟದಲ್ಲಿ ಉಳಿದ್ರೆ ತಾನೇ ಮುಂದಿನದು? ಕಠಿಣ ಅಭ್ಯಾಸಕ್ಕೆ ವಯಸ್ಸು ಬರುತ್ತೆ, ಆಗ ಮಗುವೇ ಕೇಳುತ್ತೆ.

ಹೆಣ್ಣು ಮಕ್ಕಳದ್ದು ಇನ್ನೊಂದು ಕಥೆ. ‘ಬಿಸಿಲಲ್ಲಿ ಕಪ್ಪಾಗ್ತಾಳೆ’, ‘ಮೊಣಕಾಲು ತುಂಬಾ ಕಲೆ, ನಾಳೆ ಯಾರು ಒಪ್ತಾರೆ’ ಅಂತ ಅಜ್ಜಿ ದಿನಾ ಒಂದು ಸುತ್ತು. ಅಜ್ಜಿಗೆ ನಾನು ಫ್ರಾನ್ಸಿನ ಪೋಲಿನ್ ಫೆರಾಂ ಪ್ರೆವೋ ವಿಡಿಯೋ ತೋರಿಸಿದೆ. 2024ರ ಪ್ಯಾರಿಸಲ್ಲಿ ಮೌಂಟನ್ ಬೈಕ್ ಚಿನ್ನ, 2025ರಲ್ಲಿ ಹೆಂಗಸರ ಟೂರ್ ಡಿ ಫ್ರಾನ್ಸ್. ಅಜ್ಜಿ ಪೂರ್ತಿ ನೋಡಿ, ‘ಇವಳಿಗೂ ಮೊಣಕಾಲಲ್ಲಿ ಕಲೆ ಇರ್ಬೇಕು ಅಲ್ವೇನೇ?’ ಅಂದ್ರು. ಇರುತ್ತೆ ಅಜ್ಜಿ ಅಂದೆ. ‘ಹೂಂ’ ಅಂದು ಎಲೆ ಅಡಿಕೆ ಬಾಯಿಗೆ ಹಾಕ್ಕೊಂಡ್ರು. ಅವತ್ತಿಂದ ಪುಟ್ಟಿ ಗಾಯಕ್ಕೆ ಅರಿಶಿನ ಹಚ್ಚೋ ನೆಪದಲ್ಲಿ ‘ಎಲ್ಲಿ ಬಿದ್ದೆ, ಹೆಂಗೆ ಬಿದ್ದೆ’ ಅಂತ ಕೇಳ್ತಾರೆ. ಗೆದ್ದೆ ಅಂದ್ಕೊಂಡಿದೀನಿ.

ಭಾಗ 7/8: ಮೊದಲ ರೇಸಿನ ದಿನ

ಮಗು ಕೇಳಿದ್ರೆ ಮಾತ್ರ ರೇಸ್. ಇದು ಮೊದಲ ನಿಯಮ, ಇದನ್ನೇ ನಾನು ಮುರಿದಿದ್ದು. ಕೇಳಿದ ಮೇಲೆ ಹೀಗೆ ಮಾಡಿ.

ನಡೆಸೋರಿಗೆ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಈ ವಯಸ್ಸಿನವರಿಗೆ ಸುತ್ತು ಎಷ್ಟು ಉದ್ದ? ಮುಂಚೆ ಟ್ರ್ಯಾಕ್ ಮೇಲೆ ಅಭ್ಯಾಸಕ್ಕೆ ಬಿಡ್ತೀರಾ? ನಿಧಾನ ಇರೋ ಮಕ್ಕಳಿಗೂ ಮುಗಿಸೋಕೆ ಅವಕಾಶ ಇದೆಯಾ? ಪ್ರಥಮ ಚಿಕಿತ್ಸೆ ಎಲ್ಲಿದೆ? ಸರಿಯಾಗಿ ಉತ್ತರ ಬರದಿದ್ರೆ ಆ ರೇಸ್ ಬಿಡಿ. ಇನ್ನೊಂದು ಬರುತ್ತೆ.

ಟ್ರ್ಯಾಕನ್ನ ಮೊದಲು ಮಗುವಿನ ಜೊತೆ ನಡೆದು ನೋಡಿ. ಎಲ್ಲಿ ಹೆದರಿಕೆ ಆಗುತ್ತೆ ಅಂತ ಅವಳೇ ತೋರಿಸಲಿ. ‘ಇಲ್ಲಿ ಇಳಿದು ತಳ್ಕೊಂಡು ಹೋಗಬಹುದು’ ಅಂತ ಮುಂಚೆನೇ ಹೇಳಿ. ಇದು ಸೋಲಲ್ಲ, ಕ್ರಾಸ್ ಕಂಟ್ರಿ ರೇಸಲ್ಲಿ ಸೈಕಲ್ ಇಳಿದು ಓಡೋಕೆ ನಿಯಮದಲ್ಲೇ ಅವಕಾಶ ಇದೆ. ವಿಶ್ವಕಪ್‌ನವರೂ ಕೆಸರಲ್ಲಿ ಸಿಕ್ಕಾಕ್ಕೊಂಡಾಗ ಇಳಿದು ಓಡ್ತಾರೆ. ಡಿಸೆಂಬರಲ್ಲಿ ಪುಟ್ಟಿಗೆ ಇದು ಗೊತ್ತಿದ್ದಿದ್ರೆ ಆ ಇಳಿಜಾರಲ್ಲಿ ಇಳೀತಿದ್ಲು. ನಾನೇ ಹೇಳಿರಲಿಲ್ಲ.

ತಿಂಡಿ ದಿನಾ ತಿನ್ನೋದೇ ಇರಲಿ. ಎರಡು ಇಡ್ಲಿ, ಒಂದು ಬಾಳೆಹಣ್ಣು, ಸಾಕಷ್ಟು ಮುಂಚೆ. ಅವತ್ತೇ ಹೊಸ ಶೂ, ಹೊಸ ಸೀಟು ಯಾವುದೂ ಬೇಡ.

ಶುರುವಿನ ಸೀಟಿಗೆ ಎಲ್ಲರೂ ಒಟ್ಟಿಗೆ ನುಗ್ಗುತ್ತಾರೆ, ಮೊಣಕೈ ತಾಗುತ್ತೆ. ಹಾಗಾಗಿ ಊರಲ್ಲಿ ಮೂರು ನಾಲ್ಕು ಮಕ್ಕಳನ್ನ ಸೇರಿಸಿ ಒಟ್ಟಿಗೆ ಹೊರಡೋ ಆಟ ಆಡಿಸಿ. ನಾವು ಮೇನಲ್ಲಿ ಐದು ಜನ ಮಕ್ಕಳ ಜೊತೆ ಆಡಿಸಿದ್ವಿ, ಬಹುಮಾನ ಎಲ್ಲರಿಗೂ ಐಸ್ ಕ್ಯಾಂಡಿ.

ಇನ್ನು ನಾವು. ಟ್ರ್ಯಾಕ್ ಪಕ್ಕ ನಿಂತಾಗ ಹೆಸರು ಕೂಗಿ, ಚಪ್ಪಾಳೆ ಹೊಡೀರಿ. ‘ಗೇರ್ ಹಾಕು, ಬ್ರೇಕ್ ಬಿಡು, ಅವನನ್ನ ಹಿಡಿ’ ಬೇಡ. ಆ ಹೊತ್ತಲ್ಲಿ ಮಗು ದಾರಿ ನೋಡಬೇಕು, ನಮ್ಮ ಮುಖ ಅಲ್ಲ. ಮುಗಿದ ಮೇಲೆ ಮೊದಲು ನೀರು ಕೊಡಿ. ಎಷ್ಟನೇ ಸ್ಥಾನ ಅಂತ ನೀವಾಗಿ ಎತ್ತಬೇಡಿ. ‘ಮಜಾ ಬಂತಾ?’ ಅಂತ ಕೇಳಿ ಸುಮ್ನಾಗಿ. ಹೇಳೋದಿದ್ರೆ ಅವಳೇ ಹೇಳ್ತಾಳೆ, ದಾರಿಯುದ್ದಕ್ಕೂ.

ಭಾಗ 8/8: ಪುಟ್ಟಿ ಕೇಳಿದ್ದು

ಮಾರ್ಚಿನಲ್ಲಿ ಅವಳು ಮತ್ತೆ ಸೈಕಲ್ ಹತ್ತಿದ್ದು ಹೇಗೆ ಅಂತ ತುಂಬಾ ಜನ ಕೇಳಿದ್ರಿ. ನಾನೇನೂ ದೊಡ್ಡ ಭಾಷಣ ಮಾಡಲಿಲ್ಲ. ಒಂದು ಭಾನುವಾರ ಊರಿಗೆ ಹೋಗಿ, ಅವಳ ಮುಂದೆನೇ ಆ ರೀಲ್ ಡಿಲೀಟ್ ಮಾಡಿದೆ. ‘ನಿನ್ನನ್ನ ಕೇಳದೆ ಹಾಕಿದ್ದು ತಪ್ಪು ಪುಟ್ಟಿ’ ಅಂದೆ. ಅವಳು ‘ಬೇರೆಯವರ ಫೋನಲ್ಲಿ ಇದೆಯಲ್ಲಾ?’ ಅಂದ್ಲು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ್ಲೂ ಇಲ್ಲ. ನಿಮ್ಮಲ್ಲಿ ಯಾರ ಹತ್ತಿರ ಸೇವ್ ಆಗಿದೆಯೋ ಅವರು ದಯವಿಟ್ಟು ತೆಗೆದುಬಿಡಿ. ಈ ಎಂಟು ಪೋಸ್ಟಲ್ಲಿ ನಾನು ನಿಮ್ಮನ್ನ ನಿಜವಾಗಿ ಕೇಳ್ತಿರೋದು ಇದೊಂದೇ.

ಅದಾದ್ಮೇಲೆ ಹೊಸ ಸೈಕಲ್ ಬಂತು, ನಾನು ಅದನ್ನ ಜಗಲಿ ಮೇಲೆ ಇಟ್ಟು ಬಂದೆ. ಹತ್ತು ಅನ್ನಲಿಲ್ಲ. ಮುಂದಿನ ವಾರ ಹೋದಾಗ ಟೈರಲ್ಲಿ ಕೆರೆ ಮಣ್ಣು ಮೆತ್ತಿತ್ತು. ಯಾರೂ ಏನೂ ಕೇಳಲಿಲ್ಲ, ಚಿಕ್ಕಪ್ಪನೂ ಸೇರಿ. ಅವರಿಗೆ ಅದು ಎಷ್ಟು ಕಷ್ಟ ಆಯ್ತು ಅಂತ ನನಗೆ ಗೊತ್ತು.

ನಾನು ಮೌಂಟನ್ ಬೈಕ್ ರೇಸಿನ ವಿರೋಧಿ ಅಲ್ಲ. ಪ್ಯಾರಿಸಲ್ಲಿ ಪಿಡ್‌ಕಾಕ್ ಟೈರ್ ಪಂಕ್ಚರ್ ಆಗಿ ಹಿಂದೆ ಬಿದ್ದು, ಒಬ್ಬೊಬ್ಬರನ್ನೇ ದಾಟಿ ಮತ್ತೆ ಮುಂದೆ ಬಂದಿದ್ದನ್ನ ನಾನು ಮತ್ತೆ ಮತ್ತೆ ನೋಡ್ತೀನಿ, ರೋಮ ನಿಲ್ಲುತ್ತೆ. ಬಿದ್ದು ಏಳೋದು ಈ ಆಟದ ಒಳಗೇ ಇದೆ. ಆದರೆ ಏಳ್ತೀನಿ ಅಂತ ತೀರ್ಮಾನ ಮಾಡಬೇಕಾದ್ದು ಬಿದ್ದವರು, ವಿಡಿಯೋ ಮಾಡೋರಲ್ಲ.

ಹೋದ ಶನಿವಾರ ಪುಟ್ಟಿ ಫೋನ್ ಮಾಡಿದ್ಲು. ‘ಅಕ್ಕಾ, ಮಳೆಗಾಲ ಮುಗಿದ್ಮೇಲೆ ರೇಸ್ ಇದೆಯಂತೆ. ನಾನು ಹೋಗ್ತೀನಿ. ನೀನೂ ಬಾ.’

ಖುಷಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ. ‘ಬರ್ತೀನಿ ಕಣೇ, ಏನು ತರಲಿ?’ ಅಂದೆ.

‘ಪಂಪ್ ತಾ. ಫೋನ್ ತರಬೇಡ.’

ಆ ದಿನ ನನ್ನ ಸ್ಟೋರಿಯಲ್ಲಿ ಏನೂ ಇರಲ್ಲ. ಕಾಯಬೇಡಿ. ನೀವೂ ಅವತ್ತು ನಿಮ್ಮ ಮನೆಯ ಪುಟಾಣೀನ ಎಲ್ಲಿಗಾದ್ರೂ ಮಣ್ಣಿಗೆ ಕರ್ಕೊಂಡು ಹೋಗಿ.

#ಮಣ್ಣಿಗೆಬಿಡಿ #ಮೌಂಟನ್‌ಬೈಕ್ #ಮಕ್ಕಳಸೈಕಲ್ #ತುಮಕೂರು #ಕನ್ನಡಕ್ಯಾಪ್ಷನ್